ಸಿಗರೇಟು ಪೊಟ್ಟಣದ ರಟ್ಟಿನಲ್ಲಿ ಉಳಿದ ಹೆಸರುಗಳು: ಅಮೆರಿಕದ ಹಳೆಯ ಬೇಸ್‌ಬಾಲ್ ಕಾರ್ಡ್‌ಗಳು ಮತ್ತು ಅವುಗಳ ಹಿಂದಿನ ಆಟಗಾರರು

ಬೇಸ್‌ಬಾಲ್ ಕಾರ್ಡ್ ಎಂದರೆ ಅಂಗೈಯಲ್ಲಿ ಅಡಗುವ ಒಂದು ರಟ್ಟಿನ ಚೂರು. ಮುಂಬದಿಯಲ್ಲಿ ಆಟಗಾರನ ಚಿತ್ರ, ಹೆಸರು, ತಂಡ. ಹಿಂಬದಿಯಲ್ಲಿ ಸಿಗರೇಟಿನ ಜಾಹೀರಾತು ಅಥವಾ ಆತನ ಆಟದ ಲೆಕ್ಕ. ಹಿಂದೆ ನಮ್ಮ ಊರುಗಳಲ್ಲಿ ಮಕ್ಕಳು ಬೆಂಕಿಪೊಟ್ಟಣದ ಚಿತ್ರ ಕೂಡಿಹಾಕುತ್ತಿದ್ದಂತೆ ಅಮೆರಿಕದ ಮಕ್ಕಳು ಈ ಕಾರ್ಡ್‌ಗಳನ್ನು ಕೂಡಿಹಾಕಿದರು. ನಮ್ಮ ಚಿತ್ರಗಳು ಒಲೆಗೋ ಗುಜರಿಗೋ ಹೋದವು. ಅಲ್ಲಿ ಉಳಿದ ಕೆಲವು ಕಾರ್ಡ್‌ಗಳು ಕೋಟಿಗಟ್ಟಲೆ ರೂಪಾಯಿಗೆ ಮಾರಾಟವಾಗಿವೆ. 2022ರ ಆಗಸ್ಟ್‌ನಲ್ಲಿ ಹರಾಜಾದ ಮಿಕ್ಕಿ ಮ್ಯಾಂಟಲ್ ಎಂಬ ಆಟಗಾರನ ಒಂದು ಕಾರ್ಡಿನ ಬೆಲೆ 1 ಕೋಟಿ 26 ಲಕ್ಷ ಡಾಲರ್. ಆಗಿನ ವಿನಿಮಯ ದರದಲ್ಲಿ ಸುಮಾರು 100 ಕೋಟಿ ರೂಪಾಯಿ!

ಬೆಲೆಯ ಸುದ್ದಿ ಎಲ್ಲರ ಕಿವಿಗೂ ಬೀಳುತ್ತದೆ. ಆದರೆ ಹಳಬ ಸಂಗ್ರಾಹಕರನ್ನು ಹಿಡಿದಿಟ್ಟಿರುವುದು ಬೆಲೆಯೊಂದೇ ಅಲ್ಲ. ಚಿತ್ರದಲ್ಲಿರುವ ಮನುಷ್ಯ ಯಾರು, ಎಲ್ಲಿಂದ ಬಂದ, ಕಡೆಗೆ ಏನಾದ ಎಂಬ ಹುಡುಕಾಟ ಅವರದು. ಯಾರಿಗೆ ಕಾರ್ಡ್ ಸಿಕ್ಕಿತು, ಯಾರಿಗೆ ಸಿಗಲಿಲ್ಲ, ಯಾರ ಹೆಸರು ತಪ್ಪಾಗಿ ಅಚ್ಚಾಯಿತು ಎಂದು ಕೇಳುತ್ತಾ ಹೋದರೆ ಅಮೆರಿಕದ ಒಂದೂವರೆ ಶತಮಾನದ ಸಮಾಜವೇ ಆ ರಟ್ಟುಗಳಲ್ಲಿ ಕಾಣಿಸುತ್ತದೆ.

ಆರಂಭ ಹೀಗಾಯಿತು

ಬೇಸ್‌ಬಾಲ್ ನಮ್ಮ ಕ್ರಿಕೆಟ್‌ನ ದೂರದ ನೆಂಟ. ಬೌಲರ್ ಬದಲು ಪಿಚರ್, ವಿಕೆಟ್ ಕೀಪರ್ ಬದಲು ಕ್ಯಾಚರ್ ಎಂದುಕೊಂಡರೆ ಮುಂದಿನ ವಿವರ ಸುಲಭವಾಗುತ್ತದೆ. 1869ರಲ್ಲಿ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್ ಎಂಬ ತಂಡ ಬಹಿರಂಗವಾಗಿ ಸಂಬಳ ಕೊಟ್ಟು ಆಟಗಾರರನ್ನು ಇಟ್ಟುಕೊಂಡಿತು. ನ್ಯೂಯಾರ್ಕ್‌ನ ಪೆಕ್ ಅಂಡ್ ಸ್ನೈಡರ್ ಎಂಬ ಕ್ರೀಡಾ ಸಾಮಗ್ರಿ ಅಂಗಡಿ ಆ ತಂಡದ ಫೋಟೊ ಅಂಟಿಸಿದ ಜಾಹೀರಾತು ಕಾರ್ಡ್ ಹಂಚಿತು. ಅತಿ ಹಳೆಯ ಬೇಸ್‌ಬಾಲ್ ಕಾರ್ಡ್‌ಗಳ ಸಾಲಿನಲ್ಲಿ ಇದನ್ನು ಹೆಸರಿಸುತ್ತಾರೆ.

1880ರ ದಶಕದಲ್ಲಿ ಸಿಗರೇಟು ಕಂಪನಿಗಳು ಈ ದಾರಿ ಹಿಡಿದವು. ಕಾಗದದ ಪೊಟ್ಟಣದೊಳಗೆ ಸಿಗರೇಟು ಮುರಿಯದಂತೆ ಒಂದು ರಟ್ಟು ಇಡಲೇಬೇಕಿತ್ತು. ಖಾಲಿ ರಟ್ಟಿನ ಬದಲು ಚಿತ್ರವಿದ್ದರೆ ಗಿರಾಕಿ ಮತ್ತೆ ಬರುತ್ತಾನೆ ಎಂಬುದು ವ್ಯಾಪಾರದ ಲೆಕ್ಕ. 1886ರಿಂದ 1890ರವರೆಗೆ ಗುಡ್ವಿನ್ ಕಂಪನಿ 'ಓಲ್ಡ್ ಜಡ್ಜ್' ಸಿಗರೇಟಿನೊಂದಿಗೆ ಆಟಗಾರರ ಫೋಟೊ ಕೊಟ್ಟಿತು. ಓಡುವವರನ್ನು ಸ್ಪಷ್ಟವಾಗಿ ಹಿಡಿಯುವ ಕ್ಯಾಮೆರಾ ಆಗ ಇರಲಿಲ್ಲ. ಹಾಗಾಗಿ ಆಟಗಾರರನ್ನು ಸ್ಟುಡಿಯೋಗೆ ಕರೆಸಿ, ಚೆಂಡನ್ನು ದಾರದಲ್ಲಿ ನೇತುಹಾಕಿ, ಕ್ಯಾಚ್ ಹಿಡಿಯುವಂತೆ ನಿಲ್ಲಿಸಿ ಫೋಟೊ ತೆಗೆಯುತ್ತಿದ್ದರು. ಗಮನವಿಟ್ಟು ನೋಡಿದರೆ ಕೆಲವು ಕಾರ್ಡ್‌ಗಳಲ್ಲಿ ಆ ದಾರ ಇಂದಿಗೂ ಕಾಣುತ್ತದೆ.

1890ರಲ್ಲಿ ಗುಡ್ವಿನ್ ಸೇರಿದಂತೆ ಐದು ದೊಡ್ಡ ಕಂಪನಿಗಳು ಸೇರಿ ಅಮೆರಿಕನ್ ಟೊಬ್ಯಾಕೊ ಕಂಪನಿಯಾಯಿತು. ಪೈಪೋಟಿ ಹೋದ ಮೇಲೆ ಗಿರಾಕಿಗೆ ಉಡುಗೊರೆ ಏಕೆ? ಕೆಲವೇ ವರ್ಷಗಳಲ್ಲಿ ಕಾರ್ಡ್‌ಗಳು ನಿಂತುಹೋದವು.

ವ್ಯಾಗ್ನರ್ ಬೇಡವೆಂದ ಕಾರ್ಡ್

1909ರಲ್ಲಿ ಅದೇ ಅಮೆರಿಕನ್ ಟೊಬ್ಯಾಕೊ ಕಂಪನಿ ಮತ್ತೆ ಕಾರ್ಡ್ ಹೊರತಂದಿತು. 1911ರವರೆಗೆ ಬಂದ ಈ ಸರಣಿಯನ್ನು ಸಂಗ್ರಾಹಕರು ಟಿ-206 ಎಂದು ಕರೆಯುತ್ತಾರೆ. ಸುಮಾರು ಒಂದೂವರೆ ಇಂಚು ಅಗಲ, ಎರಡೂವರೆ ಇಂಚಿಗಿಂತ ತುಸು ಹೆಚ್ಚು ಉದ್ದ. ಫೋಟೊ ಆಧರಿಸಿ ಬಣ್ಣದ ಕಲ್ಲಚ್ಚಿನಲ್ಲಿ ಮುದ್ರಿಸಿದ 500ಕ್ಕೂ ಹೆಚ್ಚು ಬಗೆಯ ಕಾರ್ಡ್‌ಗಳು ಇದರಲ್ಲಿವೆ. ಹಿಂಬದಿಯಲ್ಲಿ ಪೀಡ್‌ಮಾಂಟ್, ಸ್ವೀಟ್ ಕ್ಯಾಪೊರಲ್ ಮುಂತಾದ 16 ಬ್ರಾಂಡ್‌ಗಳ ಜಾಹೀರಾತು.

ಈ ಸರಣಿಯ ರಾಜ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಹೋನಸ್ ವ್ಯಾಗ್ನರ್. 1874ರಲ್ಲಿ ಜರ್ಮನಿಯಿಂದ ವಲಸೆ ಬಂದ ಕುಟುಂಬದಲ್ಲಿ ಹುಟ್ಟಿದವನು. ಹನ್ನೆರಡರ ವಯಸ್ಸಿಗೇ ಶಾಲೆ ಬಿಟ್ಟು ಕಲ್ಲಿದ್ದಲು ಗಣಿಗೆ ಹೋದವನು. ಹೋನಸ್ ಎಂಬುದೇ ಯೊಹಾನಸ್ ಎಂಬ ಜರ್ಮನ್ ಹೆಸರಿನ ಮನೆಮಾತಿನ ರೂಪ. ಎಂಟು ಬಾರಿ ತನ್ನ ಲೀಗಿನ ಅತ್ಯುತ್ತಮ ಬ್ಯಾಟಿಂಗ್ ಸರಾಸರಿ ಗಳಿಸಿದ. 1936ರಲ್ಲಿ ಬೇಸ್‌ಬಾಲ್‌ನ ಗೌರವ ಸದನಕ್ಕೆ, ಅಂದರೆ ಹಾಲ್ ಆಫ್ ಫೇಮ್‌ಗೆ, ಮೊದಲು ಆಯ್ಕೆಯಾದ ಐವರಲ್ಲಿ ಆತನೂ ಒಬ್ಬ.

ಇಷ್ಟು ದೊಡ್ಡ ಆಟಗಾರನ ಕಾರ್ಡ್ ಮಾತ್ರ ಸಿಗುವುದೇ ಕಷ್ಟ. 1912ರಲ್ಲಿ 'ದಿ ಸ್ಪೋರ್ಟಿಂಗ್ ನ್ಯೂಸ್' ಪತ್ರಿಕೆಯಲ್ಲಿ ಬಂದ ವರದಿಯಂತೆ, ವ್ಯಾಗ್ನರ್‌ನ ಒಪ್ಪಿಗೆ ತಂದರೆ 10 ಡಾಲರ್ ಕೊಡುವುದಾಗಿ ಕಂಪನಿ ಜಾನ್ ಗ್ರೂಬರ್ ಎಂಬ ಪತ್ರಕರ್ತನಿಗೆ ಹೇಳಿತ್ತು. ವ್ಯಾಗ್ನರ್ ಒಪ್ಪಲಿಲ್ಲ. ತನ್ನಿಂದ ಸ್ನೇಹಿತನಿಗೆ ನಷ್ಟವಾಗಬಾರದೆಂದು 10 ಡಾಲರಿನ ಚೆಕ್ ಕಳುಹಿಸಿದ. ಮಕ್ಕಳು ತನ್ನ ಚಿತ್ರಕ್ಕಾಗಿ ಸಿಗರೇಟು ಕೊಳ್ಳುವುದು ಬೇಡ ಎಂಬುದು ಕಾರಣವೆಂದು ಬಹಳ ಮಂದಿ ಹೇಳುತ್ತಾರೆ. ಆತ ಸ್ವತಃ ಹೊಗೆಸೊಪ್ಪು ಅಗಿಯುತ್ತಿದ್ದ, ಕಂಪನಿ ಸರಿಯಾದ ಹಣ ಕೊಡದಿದ್ದುದೇ ಕಾರಣ ಎನ್ನುವವರೂ ಇದ್ದಾರೆ. ಅಂತೂ ಅಚ್ಚು ನಿಂತಿತು. ಈಗ ತಿಳಿದಿರುವುದು ಸುಮಾರು 50-60 ಪ್ರತಿಗಳು. 2021ರಲ್ಲಿ ಒಂದು ಪ್ರತಿ 66 ಲಕ್ಷ ಡಾಲರ್‌ಗೆ, 2022ರಲ್ಲಿ ಇನ್ನೊಂದು 72.5 ಲಕ್ಷ ಡಾಲರ್‌ಗೆ ಮಾರಾಟವಾದವು.

ಅದೇ ಸರಣಿಯ ಇತರರು

ವ್ಯಾಗ್ನರ್‌ನನ್ನು ಬಿಟ್ಟರೂ ಟಿ-206 ಸರಣಿಯಲ್ಲಿ ಓದಬೇಕಾದ ಬದುಕುಗಳು ಹಲವು. ಕ್ಲೀವ್‌ಲ್ಯಾಂಡ್ ತಂಡದ ಪಿಚರ್ ಆಡಿ ಜಾಸ್ 1908ರಲ್ಲಿ ಎದುರಾಳಿಗಳಲ್ಲಿ ಒಬ್ಬನನ್ನೂ ಮೊದಲ ಬೇಸ್ ಮುಟ್ಟಲು ಬಿಡದೆ ಪಂದ್ಯ ಮುಗಿಸಿದ್ದ. 1911ರ ಏಪ್ರಿಲ್‌ನಲ್ಲಿ, ಇನ್ನೂ ಕಾರ್ಡ್‌ಗಳು ಪೊಟ್ಟಣದಲ್ಲಿ ಬರುತ್ತಿದ್ದಾಗಲೇ, ಮಿದುಳು ಪೊರೆಯ ಉರಿಯೂತದಿಂದ 31ರ ವಯಸ್ಸಿನಲ್ಲಿ ತೀರಿಕೊಂಡ. ಆ ಜುಲೈನಲ್ಲಿ ದೊಡ್ಡ ಆಟಗಾರರೆಲ್ಲ ಸೇರಿ ಆತನ ಕುಟುಂಬಕ್ಕಾಗಿ ಸಹಾಯಾರ್ಥ ಪಂದ್ಯ ಆಡಿ ಸುಮಾರು 13 ಸಾವಿರ ಡಾಲರ್ ಕೂಡಿಸಿದರು.

ಎಡ್ಡಿ ಗ್ರಾಂಟ್ ಹಾರ್ವರ್ಡ್‌ನಲ್ಲಿ ಕಾನೂನು ಓದಿದ ಆಟಗಾರ. ಮೊದಲ ಮಹಾಯುದ್ಧದಲ್ಲಿ ಕ್ಯಾಪ್ಟನ್ ಆಗಿ ಹೋಗಿ 1918ರ ಅಕ್ಟೋಬರ್‌ನಲ್ಲಿ ಫ್ರಾನ್ಸ್‌ನ ಆರ್ಗಾನ್ ಕಾಡಿನಲ್ಲಿ ಮಡಿದ. ಮೊದಲ ಐವರಲ್ಲಿ ಇನ್ನೊಬ್ಬನಾದ ಪಿಚರ್ ಕ್ರಿಸ್ಟಿ ಮ್ಯಾಥ್ಯೂಸನ್ ಕೂಡ ಅದೇ ವರ್ಷ ಸೈನ್ಯದಲ್ಲಿದ್ದು ತರಬೇತಿಯ ವೇಳೆ ವಿಷಾನಿಲಕ್ಕೆ ಸಿಕ್ಕಿದ್ದ. 1925ರಲ್ಲಿ ಕ್ಷಯದಿಂದ ತೀರಿಕೊಂಡಾಗ ಆತನಿಗೆ 45.

ಅದೇ ಕಾಲದ ಮಿಠಾಯಿ ಕಂಪನಿಯೊಂದರ ಕಾರ್ಡಿನಲ್ಲಿ ಬಂದ ಜೋ ಜಾಕ್ಸನ್ ಓದುಬರಹ ಬಾರದವನು. ಅವನ ಸಹಿಯನ್ನು ಹೆಚ್ಚಾಗಿ ಹೆಂಡತಿಯೇ ಹಾಕುತ್ತಿದ್ದಳು. 1919ರ ಪಂದ್ಯ ಮಾರಾಟ ಹಗರಣದಲ್ಲಿ ಹೆಸರು ಸೇರಿ ಆಟದಿಂದ ಶಾಶ್ವತವಾಗಿ ಹೊರಬಿದ್ದ. 1951ರಲ್ಲಿ ಸತ್ತ. ಆ ನಿಷೇಧದ ಪಟ್ಟಿಯಿಂದ ಹೆಸರು ತೆಗೆದದ್ದು 2025ರ ಮೇ ತಿಂಗಳಲ್ಲಿ!

ಪಟ್ಟಿ ಬರೆದ ಕಾರ್ಮಿಕ

ಟಿ-206 ಎಂಬ ಹೆಸರನ್ನು ಸಿಗರೇಟು ಕಂಪನಿ ಇಟ್ಟದ್ದಲ್ಲ. ಇಟ್ಟವರು ಜೆಫರ್ಸನ್ ಬರ್ಡಿಕ್. ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ಊರಿನಲ್ಲಿ ವಿದ್ಯುತ್ ಸಾಮಗ್ರಿ ಕಾರ್ಖಾನೆಯ ಕೆಲಸಗಾರ. ಸಂಧಿವಾತದಿಂದ ಬೆರಳುಗಳೇ ಮಡಚಿಹೋಗಿದ್ದ ಅವಿವಾಹಿತ. 1930ರ ದಶಕದಿಂದ ಅವರು ಅಮೆರಿಕದ ಎಲ್ಲ ಬಗೆಯ ಕಾರ್ಡ್‌ಗಳನ್ನು ವಿಂಗಡಿಸಿ ಪಟ್ಟಿ ಮಾಡಿದರು. 19ನೇ ಶತಮಾನದ ತಂಬಾಕು ಕಾರ್ಡಿಗೆ ಎನ್, 20ನೇ ಶತಮಾನದ್ದಕ್ಕೆ ಟಿ, ಹಳೆಯ ಮಿಠಾಯಿ ಕಾರ್ಡಿಗೆ ಇ, ನಂತರದ ಗಮ್ ಕಾರ್ಡಿಗೆ ಆರ್. ಈಗಲೂ ಜಗತ್ತಿನ ಸಂಗ್ರಾಹಕರು ಬಳಸುವುದು ಇದೇ ಸಂಕೇತ.

ಬರ್ಡಿಕ್ ತಮ್ಮ ಸಂಗ್ರಹವನ್ನು ಮಾರಲಿಲ್ಲ. 1947ರಿಂದ ಕಂತುಕಂತಾಗಿ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಕಲಾ ವಸ್ತುಸಂಗ್ರಹಾಲಯಕ್ಕೆ ದಾನ ಕೊಟ್ಟರು. ಒಟ್ಟು 3 ಲಕ್ಷಕ್ಕೂ ಹೆಚ್ಚು ಚೀಟಿಗಳು, ಅವುಗಳಲ್ಲಿ ಸುಮಾರು 30 ಸಾವಿರ ಬೇಸ್‌ಬಾಲ್ ಕಾರ್ಡ್‌ಗಳು. ಅವನ್ನು ಆಲ್ಬಮ್‌ಗಳಿಗೆ ಅಂಟಿಸುವ ಕೆಲಸವನ್ನೂ ತಾವೇ ಕುಳಿತು ಮಾಡಿದರು. 1963ರ ಜನವರಿ 10ರಂದು ಕೆಲಸ ಮುಗಿಯಿತು. ಮರುದಿನ ಆಸ್ಪತ್ರೆ ಸೇರಿ, ಎರಡು ತಿಂಗಳಲ್ಲಿ ತೀರಿಕೊಂಡರು. ಆ ಸಂಗ್ರಹದಲ್ಲಿ ಒಂದು ವ್ಯಾಗ್ನರ್ ಕಾರ್ಡೂ ಇದೆ.

ಗಮ್‌ನ ಕಾಲ

1930ರ ದಶಕಕ್ಕೆ ಕಾರ್ಡ್‌ಗಳು ತಂಬಾಕಿನಿಂದ ಬಬಲ್ ಗಮ್‌ಗೆ ಜಾರಿದ್ದವು. ಬಾಸ್ಟನ್‌ನ ಗೌಡಿ ಕಂಪನಿ 1933ರಲ್ಲಿ 240 ಸಂಖ್ಯೆಗಳ ಸರಣಿ ತಂದಿತು. ಬೇಬ್ ರೂತ್ ಒಬ್ಬನದೇ ನಾಲ್ಕು ಕಾರ್ಡ್. ಆದರೆ 106ನೇ ಸಂಖ್ಯೆಯ ಕಾರ್ಡನ್ನು ಮಾತ್ರ ಅಚ್ಚೇ ಹಾಕಲಿಲ್ಲ. ಸರಣಿ ಪೂರ್ತಿಯಾಗಲೆಂದು ಮಕ್ಕಳು ಗಮ್ ಕೊಳ್ಳುತ್ತಲೇ ಇದ್ದರು. ಹಿಡಿದುಕೊಂಡು ದೂರು ಬರೆದವರಿಗೆ ಕಂಪನಿ 1934ರಲ್ಲಿ ಆ ಕಾರ್ಡನ್ನು ಅಂಚೆಯಲ್ಲಿ ಕಳುಹಿಸಿತು. ಅದು 1916ರಲ್ಲೇ ನಿವೃತ್ತನಾಗಿದ್ದ ನೆಪೋಲಿಯನ್ ಲಾಜೊವೇ ಕಾರ್ಡ್. ಪತ್ರಕ್ಕೆ ಕ್ಲಿಪ್ ಹಾಕಿ ಕಳುಹಿಸಿದ್ದರಿಂದ ಉಳಿದ ಪ್ರತಿಗಳಲ್ಲಿ ಹಲವಕ್ಕೆ ಕ್ಲಿಪ್ಪಿನ ಗುರುತಿದೆ. ಬೇರೆ ಕಾರ್ಡಿಗೆ ದೋಷವಾಗುವ ಗುರುತು ಇಲ್ಲಿ ಅದರ ಹುಟ್ಟಿನ ಸಾಕ್ಷಿ.

ಇದೇ ಸರಣಿಯ 158ನೇ ಕಾರ್ಡ್ ಮೋ ಬರ್ಗ್ ಎಂಬ ಕ್ಯಾಚರ್‌ನದು. ಬ್ಯಾಟಿಂಗ್ ಅಷ್ಟಕ್ಕಷ್ಟೇ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್, ಗ್ರೀಕ್ ಜೊತೆಗೆ ಸಂಸ್ಕೃತವನ್ನೂ ಓದಿದ್ದ ಬಹುಭಾಷಿಕ. 1934ರಲ್ಲಿ ಬೇಬ್ ರೂತ್ ತಂಡದೊಂದಿಗೆ ಜಪಾನಿಗೆ ಹೋದಾಗ ಟೋಕಿಯೊದ ಆಸ್ಪತ್ರೆಯೊಂದರ ಮಾಳಿಗೆಯಿಂದ ನಗರದ ಚಲನಚಿತ್ರ ತೆಗೆದ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಗೂಢಚಾರನಾದ. 1944ರಲ್ಲಿ ಜರ್ಮನ್ ವಿಜ್ಞಾನಿ ಹೈಸನ್‌ಬರ್ಗ್ ಜೂರಿಕ್‌ನಲ್ಲಿ ಉಪನ್ಯಾಸ ಕೊಟ್ಟಾಗ ಬರ್ಗ್ ಜೇಬಿನಲ್ಲಿ ಪಿಸ್ತೂಲು ಇಟ್ಟುಕೊಂಡು ಸಭಿಕರ ನಡುವೆ ಕುಳಿತಿದ್ದ. ಜರ್ಮನಿ ಅಣುಬಾಂಬಿಗೆ ಹತ್ತಿರವಾಗಿದೆ ಎಂದು ಅನ್ನಿಸಿದರೆ ಗುಂಡು ಹಾರಿಸುವುದು ಆತನಿಗಿದ್ದ ಆದೇಶ. ಹಾಗೆ ಅನ್ನಿಸಲಿಲ್ಲ, ಹಾರಿಸಲಿಲ್ಲ. ಕಾರ್ಡಿನ ಮೇಲೆ ಮಾತ್ರ ಆತ ಒಬ್ಬ ಸಾಧಾರಣ ಕ್ಯಾಚರ್.

ಸಮುದ್ರಕ್ಕೆ ಬಿದ್ದ ಸಂಪತ್ತು

ಎರಡನೇ ಮಹಾಯುದ್ಧದ ನಂತರ ಬೋಮನ್ ಮತ್ತು ಟಾಪ್ಸ್ ಎಂಬ ಎರಡು ಗಮ್ ಕಂಪನಿಗಳ ಪೈಪೋಟಿ ನಡೆಯಿತು. ಅವುಗಳ ಜಗಳದಿಂದ ಹುಟ್ಟಿದ 1953ರ ಮೊಕದ್ದಮೆಯ ತೀರ್ಪು, ತನ್ನ ಹೆಸರು ಮತ್ತು ಚಿತ್ರದ ವ್ಯಾಪಾರದ ಹಕ್ಕು ಆ ವ್ಯಕ್ತಿಯದೇ ಎಂಬ ತತ್ತ್ವಕ್ಕೆ ಅಮೆರಿಕದಲ್ಲಿ ಬುನಾದಿಯಾಯಿತು. 1956ರಲ್ಲಿ ಟಾಪ್ಸ್ ಬೋಮನ್ನನ್ನೇ ಕೊಂಡುಕೊಂಡಿತು.

1952ರ ಟಾಪ್ಸ್ ಸರಣಿಯಲ್ಲಿ 407 ಕಾರ್ಡ್‌ಗಳಿವೆ. ಸೈ ಬರ್ಗರ್ ಮತ್ತು ವುಡಿ ಗೆಲ್ಮನ್ ಇದನ್ನು ರೂಪಿಸಿದವರು. 311ರಿಂದ ಮುಂದಿನ ಸಂಖ್ಯೆಗಳು ಅಂಗಡಿಗೆ ಬಂದಾಗ ಆಟದ ಋತು ಮುಗಿಯುತ್ತಾ ಬಂದಿತ್ತು. ಮಾಲು ಉಳಿಯಿತು. ಗೋದಾಮಿನಲ್ಲಿ ಕೊಳೆಯುತ್ತಿದ್ದ ಪೆಟ್ಟಿಗೆಗಳನ್ನು 1960ರಲ್ಲಿ ಬರ್ಗರ್ ಕಸದ ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದರು.

ಆ 311ನೇ ಸಂಖ್ಯೆಯೇ ಮಿಕ್ಕಿ ಮ್ಯಾಂಟಲ್. ಒಕ್ಲಹೋಮಾದ ಸೀಸದ ಗಣಿಯಲ್ಲಿ ದುಡಿದ ತಂದೆಯ ಮಗ. ತಂದೆಯೇ ಗುರು. ಕಾರ್ಡ್ ಬಂದ 1952ರಲ್ಲೇ ತಂದೆ ಕ್ಯಾನ್ಸರಿನಿಂದ ತೀರಿಕೊಂಡರು. ಮಗ ನ್ಯೂಯಾರ್ಕ್ ಯಾಂಕೀಸ್ ಪರ 536 ಹೋಮ್ ರನ್ ಹೊಡೆದ. ಗಮನಿಸಬೇಕಾದ ಅಂಶವೆಂದರೆ ಇದು ಮ್ಯಾಂಟಲ್‌ನ ಮೊದಲ ಕಾರ್ಡ್ ಅಲ್ಲ, ಅದು 1951ರ ಬೋಮನ್. ಸರಣಿಯ ಅತಿ ವಿರಳ ಕಾರ್ಡೂ ಅಲ್ಲ. ಅದೇ ಹಾಳೆಯ ಇತರರಿಗಿಂತ ಇದು ಎರಡು ಪಟ್ಟು ಅಚ್ಚಾಗಿತ್ತು. ಆದರೂ ಬೆಲೆ ಇದಕ್ಕೇ. 1950ರ ದಶಕದಲ್ಲಿ ಮಕ್ಕಳಾಗಿದ್ದವರು ದೊಡ್ಡವರಾಗಿ, ಕೈಯಲ್ಲಿ ಕಾಸು ಸೇರಿದ ಮೇಲೆ ತಮ್ಮ ಬಾಲ್ಯದ ವೀರನನ್ನು ಹುಡುಕಿದ್ದು ಇದಕ್ಕೆ ಮುಖ್ಯ ಕಾರಣ. 2022ರಲ್ಲಿ 1 ಕೋಟಿ 26 ಲಕ್ಷ ಡಾಲರ್ ತಂದ ಪ್ರತಿಯನ್ನು ಅದರ ಒಡೆಯ 1991ರಲ್ಲಿ ಕೊಂಡದ್ದು 50 ಸಾವಿರ ಡಾಲರ್‌ಗೆ.

ಹೆಸರು ಬದಲಾದವರು

ಗಡಿನಾಡಿನಲ್ಲಿ ಪಡಿತರ ಚೀಟಿಯಲ್ಲಿ, ಮತದಾರರ ಪಟ್ಟಿಯಲ್ಲಿ ತಮ್ಮ ಹೆಸರು ಬೇರೆ ಭಾಷೆಯ ಬಾಯಿಗೆ ಸಿಕ್ಕಿ ಬದಲಾದದ್ದನ್ನು ಕಂಡವರಿಗೆ ರೊಬರ್ಟೊ ಕ್ಲೆಮೆಂಟೆ ಕಥೆ ಬೇಗ ಅರ್ಥವಾಗುತ್ತದೆ. ಸ್ಪ್ಯಾನಿಷ್ ಮಾತೃಭಾಷೆಯ ಪೋರ್ಟೊರಿಕೊ ದ್ವೀಪದಿಂದ ಬಂದ ಈತ ಆಡಿದ್ದು ವ್ಯಾಗ್ನರ್‌ನ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡಕ್ಕೆ. ಆರಂಭದಲ್ಲಿ ಕಾರ್ಡಿನಲ್ಲಿ ರೊಬರ್ಟೊ ಎಂದೇ ಇತ್ತು. 1957ರಿಂದ 1969ರವರೆಗೆ ಟಾಪ್ಸ್ ಅದನ್ನು 'ಬಾಬ್' ಕ್ಲೆಮೆಂಟೆ ಎಂದು ಅಚ್ಚು ಹಾಕಿತು. ಇಂಗ್ಲಿಷ್ ನಾಲಿಗೆಗೆ ಸಲೀಸು ಎಂಬುದಷ್ಟೇ ಇದರ ಹಿಂದಿನ ತರ್ಕ. ಆತನಿಗೆ ಆ ಹೆಸರು ಹಿಡಿಸುತ್ತಿರಲಿಲ್ಲ, ತನ್ನ ಹೆಸರು ರೊಬರ್ಟೊ ಎಂದು ತಿದ್ದುತ್ತಿದ್ದ. 1970ರ ಕಾರ್ಡಿನಲ್ಲಿ ಹೆಸರು ಮರಳಿತು. 1972ರ ಡಿಸೆಂಬರ್ 31ರಂದು ನಿಕರಾಗುವಾದ ಭೂಕಂಪ ಸಂತ್ರಸ್ತರಿಗೆ ನೆರವಿನ ಸಾಮಗ್ರಿ ಒಯ್ಯುತ್ತಿದ್ದ ವಿಮಾನ ಬಿದ್ದು ಕ್ಲೆಮೆಂಟೆ ಮೃತಪಟ್ಟ. ಅಂದಹಾಗೆ, 2008ರಲ್ಲಿ ಉತ್ತರಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಎಂಬ ಯುವಕರಿಗೆ ಒಪ್ಪಂದ ಕೊಟ್ಟದ್ದೂ ಇದೇ ಪೈರೇಟ್ಸ್ ತಂಡ.

ಅಮೆರಿಕದ ಮೂಲನಿವಾಸಿ ಆಟಗಾರರ ಪಾಡೂ ಇದೇ. ಟಿ-206 ಕಾರ್ಡಿನಲ್ಲಿರುವ ಪಿಚರ್ ಬೆಂಡರ್, ಕ್ಯಾಚರ್ ಮೇಯರ್ಸ್ ಬೇರೆ ಬೇರೆ ಬುಡಕಟ್ಟಿನವರು. ಇಬ್ಬರನ್ನೂ ಪತ್ರಿಕೆಗಳು, ಪ್ರೇಕ್ಷಕರು 'ಚೀಫ್' ಎಂದೇ ಕೂಗಿದರು.

ಕಾರ್ಡೇ ಸಿಗದವರು

ತಪ್ಪು ಹೆಸರಾದರೂ ಸರಿ, ಕಾರ್ಡಿನಲ್ಲಿ ಬಂದವರು ಪುಣ್ಯವಂತರು. 19ನೇ ಶತಮಾನದ ಕೊನೆಯಿಂದ 1947ರವರೆಗೆ ಕಪ್ಪು ಜನರಿಗೆ ದೊಡ್ಡ ಲೀಗ್‌ಗಳ ಬಾಗಿಲು ಮುಚ್ಚಿತ್ತು. ಅವರು ತಮ್ಮದೇ ನೀಗ್ರೊ ಲೀಗ್‌ಗಳನ್ನು ಕಟ್ಟಿಕೊಂಡು ಆಡಿದರು. ಸಿಗರೇಟು, ಮಿಠಾಯಿ, ಗಮ್ ಕಂಪನಿಗಳು ಅವರ ಚಿತ್ರ ಹಾಕಲಿಲ್ಲ. ಅತ್ಯುತ್ತಮರಲ್ಲಿ ಒಬ್ಬನಾದ ಆಸ್ಕರ್ ಚಾರ್ಲ್‌ಸ್ಟನ್ ಚಳಿಗಾಲದಲ್ಲಿ ಕ್ಯೂಬಾಕ್ಕೆ ಹೋಗಿ ಸಾಂಟಾ ಕ್ಲಾರಾ ತಂಡಕ್ಕೆ ಆಡಿದಾಗ, 1923-24ರಲ್ಲಿ ಅಲ್ಲಿನ ಬಿಲ್ಲಿಕೆನ್ ಸಿಗರೇಟು ಅವನ ಕಾರ್ಡ್ ಹೊರತಂದಿತು. ತಾಯ್ನಾಡಿನ ಕಾಗದದಲ್ಲಿ ಇಲ್ಲದ ಹೆಸರು ಗಡಿಯಾಚೆಯ ಕಾಗದದಲ್ಲಿ ಸಿಕ್ಕಿತು.

ಕ್ಯಾಚರ್ ಜಾಶ್ ಗಿಬ್ಸನ್‌ನದು ಇನ್ನೂ ಕಹಿ. 1947ರ ಜನವರಿಯಲ್ಲಿ 35ರ ವಯಸ್ಸಿನಲ್ಲಿ ತೀರಿಕೊಂಡ. ಮೂರು ತಿಂಗಳ ನಂತರ, ಏಪ್ರಿಲ್ 15ರಂದು, ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಜರ್ಸ್ ಪರ ಕಣಕ್ಕಿಳಿದು ವರ್ಣಭೇದದ ಗೋಡೆ ಒಡೆದ. ರಾಬಿನ್ಸನ್‌ಗೆ 1948-49ರ ಲೀಫ್ ಕಾರ್ಡ್ ಬಂತು. ಗಿಬ್ಸನ್‌ನ ಹೆಸರಾಂತ ಕಾರ್ಡ್ ಸತ್ತ ಮೇಲೆ 1950-51ರಲ್ಲಿ ಪೋರ್ಟೊರಿಕೊದಲ್ಲಿ ಅಚ್ಚಾಯಿತು. 1975ರವರೆಗೆ ಆತನ ಸಮಾಧಿಗೆ ಹೆಸರಿನ ಕಲ್ಲೂ ಇರಲಿಲ್ಲ.

ಹಳೆಯ ಪತ್ರಿಕೆಗಳನ್ನು ಜಾಲಾಡಿ ಒಂದೊಂದೇ ಪಂದ್ಯದ ಲೆಕ್ಕ ತೆಗೆದ ಸಂಶೋಧಕರ ಶ್ರಮಕ್ಕೆ ಫಲ ಸಿಕ್ಕಿದ್ದು ತೀರಾ ಇತ್ತೀಚೆಗೆ. 2020ರ ಡಿಸೆಂಬರ್‌ನಲ್ಲಿ 1920-48ರ ನೀಗ್ರೊ ಲೀಗ್‌ಗಳಿಗೆ ದೊಡ್ಡ ಲೀಗ್ ಸ್ಥಾನ ಸಿಕ್ಕಿತು. 2024ರ ಮೇ ತಿಂಗಳಲ್ಲಿ ಅಂಕಿಅಂಶಗಳನ್ನು ಅಧಿಕೃತ ದಾಖಲೆಗೆ ಸೇರಿಸಿದಾಗ ಗಿಬ್ಸನ್‌ನ ಸರಾಸರಿ .372 ಎಂದಾಯಿತು. ಅಂದರೆ ಸಾವಿರ ಅವಕಾಶಕ್ಕೆ 372 ಯಶಸ್ವಿ ಹೊಡೆತ. ದಶಕಗಳಿಂದ ಮೊದಲ ಸ್ಥಾನದಲ್ಲಿದ್ದ ಟೈ ಕಾಬ್‌ನ .367 ಎರಡನೇ ಸ್ಥಾನಕ್ಕೆ ಇಳಿಯಿತು.

ಆಟಗಾರನಿಗೆ ಸಿಕ್ಕಿದ್ದೆಷ್ಟು

ಆಟಗಾರರ ಮುಖದಿಂದ ಕಂಪನಿ ಬೆಳೆಯಿತು. ಆಟಗಾರರಿಗೆ? 1960ರ ದಶಕದಲ್ಲಿ ಟಾಪ್ಸ್ ಕಿರಿಯ ಲೀಗಿನ ಹುಡುಗರ ಸಹಿಗೆ 5 ಡಾಲರ್ ಕೊಡುತ್ತಿತ್ತು. ದೊಡ್ಡ ಲೀಗಿಗೆ ಬಂದರೆ ವರ್ಷಕ್ಕೆ 125 ಡಾಲರ್. 1966ರಲ್ಲಿ ಆಟಗಾರರ ಸಂಘದ ಮುಖ್ಯಸ್ಥನಾದ ಮಾರ್ವಿನ್ ಮಿಲ್ಲರ್, ಹೊಸ ಒಪ್ಪಂದಕ್ಕೆ ಸಹಿ ಹಾಕಬೇಡಿ, ಫೋಟೊಗೆ ನಿಲ್ಲಬೇಡಿ ಎಂದರು. 1968ರಲ್ಲಿ ಮೊತ್ತ 250 ಡಾಲರ್ ಆಯಿತು, ಮಾರಾಟದಲ್ಲಿ ಪಾಲೂ ಸಿಕ್ಕಿತು.

1980ರ ನ್ಯಾಯಾಲಯದ ತೀರ್ಪಿನ ನಂತರ 1981ರಲ್ಲಿ ಫ್ಲೀರ್, ಡಾನ್‌ರಸ್ ಕಂಪನಿಗಳು ಕಣಕ್ಕಿಳಿದವು. ಕಾರ್ಡ್ ಎಂದರೆ ಬಂಗಾರ ಎಂದು ಜನ ಪೆಟ್ಟಿಗೆಗಟ್ಟಲೆ ಕೊಂಡಿಟ್ಟರು, ಕಂಪನಿಗಳು ಲೆಕ್ಕವಿಲ್ಲದೆ ಅಚ್ಚು ಹಾಕಿದವು. 1980ರ ದಶಕದ ಕೊನೆಯಿಂದ 1990ರ ದಶಕದ ಆರಂಭದವರೆಗಿನ ಬಹುಪಾಲು ಕಾರ್ಡ್‌ಗಳಿಗೆ ಈಗ ಬೆಲೆ ಇಲ್ಲ. ಎಲ್ಲರೂ ಜೋಪಾನ ಮಾಡಿದ್ದು ವಿರಳವಾಗುವುದಾದರೂ ಹೇಗೆ?

ಸಂಗ್ರಹಿಸುವವರು ನೋಡುವುದೇನು

1991ರಿಂದ ಪಿಎಸ್‌ಎ ಎಂಬ ಸಂಸ್ಥೆ ಕಾರ್ಡ್‌ಗಳ ಅಸಲಿತನ ಪರೀಕ್ಷಿಸಿ, 1ರಿಂದ 10ರವರೆಗೆ ಅಂಕ ಕೊಟ್ಟು, ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಕೊಡುತ್ತದೆ. ಮೂಲೆಗಳ ಚೂಪು, ಅಂಚು, ಮೇಲ್ಮೈ, ಚಿತ್ರ ನಡುವೆ ಕೂತಿದೆಯೇ ಎಂಬುದು ಅಂಕಕ್ಕೆ ಆಧಾರ. ಆದರೆ ಕವಚವನ್ನೇ ನಂಬುವಂತಿಲ್ಲ ಎಂಬುದಕ್ಕೆ ಆ ಸಂಸ್ಥೆ ಮೊದಲು ಅಂಕ ಕೊಟ್ಟ ಕಾರ್ಡೇ ಸಾಕ್ಷಿ. ಹಾಕಿ ತಾರೆ ವೇಯ್ನ್ ಗ್ರೆಟ್ಸ್‌ಕಿ ಮತ್ತು ಪಾಲುದಾರ 1991ರಲ್ಲಿ 4.51 ಲಕ್ಷ ಡಾಲರ್‌ಗೆ ಕೊಂಡಿದ್ದ ಆ ವ್ಯಾಗ್ನರ್ ಕಾರ್ಡ್ 2007ರಲ್ಲಿ 28 ಲಕ್ಷ ಡಾಲರ್‌ಗೆ ಮಾರಾಟವಾಯಿತು. ಅದರ ಅಂಚನ್ನು ತಾನು ಕತ್ತರಿಸಿ ಚೂಪು ಮಾಡಿದ್ದಾಗಿ, ಹಿಂದೆ ಅದನ್ನು ಮಾರಿದ್ದ ಹರಾಜುಗಾರ ಬಿಲ್ ಮಾಸ್ಟ್ರೊ 2013ರಲ್ಲಿ ಒಪ್ಪಿಕೊಂಡರು.

ಅನುಭವಿಗಳು ಮೊದಲು ಅಳತೆ ನೋಡುತ್ತಾರೆ. ಕತ್ತರಿಸಿದ ಕಾರ್ಡ್ ಸಾಮಾನ್ಯವಾಗಿ ಚಿಕ್ಕದಾಗಿರುತ್ತದೆ. ಭೂತಗನ್ನಡಿಯಲ್ಲಿ ಹಿಡಿದಾಗ ಹಳೆಯ ಕಾರ್ಡಿನಲ್ಲಿ ಹೆಸರಿನ ಅಕ್ಷರ ಗಟ್ಟಿ ಶಾಯಿಯಲ್ಲಿರುತ್ತದೆ. ಇತ್ತೀಚಿನ ನಕಲಿನಲ್ಲಿ ಅಕ್ಷರವೂ ಬಣ್ಣದ ಚುಕ್ಕಿಗಳಾಗಿ ಒಡೆದು ಕಾಣುವುದುಂಟು. ಹೊಳಪು ಹೆಚ್ಚಿದ್ದರೆ, ಕಾಗದ ಅತಿ ಬಿಳುಪಾಗಿದ್ದರೆ ಅನುಮಾನಪಡಬೇಕು. ಬಿಸಿಲು, ತೇವ ಮತ್ತು ಪಿವಿಸಿ ಪ್ಲಾಸ್ಟಿಕ್ ಚೀಲ ಈ ಮೂರೂ ಕಾರ್ಡಿನ ಶತ್ರುಗಳು. ಆಮ್ಲವಿಲ್ಲದ ಕಾಗದ ಅಥವಾ ಗಟ್ಟಿ ಕವಚದಲ್ಲಿಟ್ಟು ತಂಪಾದ, ಒಣ ಜಾಗದಲ್ಲಿ ಇಡುವುದು ವಾಡಿಕೆ.

ದೊಡ್ಡ ಹಣವಿಲ್ಲದವರಿಗೂ ಇಲ್ಲಿ ಜಾಗವಿದೆ. ಟಿ-206 ಸರಣಿಯ ಹೆಚ್ಚು ಹೆಸರಿಲ್ಲದ ಆಟಗಾರರ ಸವೆದ ಕಾರ್ಡ್‌ಗಳು ತಾರೆಯರ ಕಾರ್ಡ್‌ಗಳ ಸಣ್ಣ ಪಾಲಿಗೆ ಸಿಗುತ್ತವೆ. ಹಲವರು ಅಂಥದೊಂದನ್ನು ಕೊಂಡು, ಜನಗಣತಿ ದಾಖಲೆ, ಹಳೆಯ ಪತ್ರಿಕೆ, ಸ್ಮಶಾನದ ಕಲ್ಲು ನೋಡಿ ಆ ಆಟಗಾರನ ಬದುಕನ್ನು ಬರೆಯುತ್ತಾರೆ. 1971ರಲ್ಲಿ ಕೂಪರ್ಸ್‌ಟೌನ್‌ನಲ್ಲಿ 16 ಮಂದಿಯಿಂದ ಆರಂಭವಾದ ಅಮೆರಿಕನ್ ಬೇಸ್‌ಬಾಲ್ ಸಂಶೋಧನಾ ಸಂಘ, ಆಡಿದ ಪ್ರತಿಯೊಬ್ಬರ ಜೀವನಚರಿತ್ರೆ ಬರೆಯುವ ಯೋಜನೆಯನ್ನು 2002ರಿಂದ ನಡೆಸುತ್ತಿದೆ. ಒಂದೇ ಋತು ಆಡಿ ಊರಿಗೆ ಮರಳಿದವರೂ ಆ ಪಟ್ಟಿಯಲ್ಲಿದ್ದಾರೆ. ಕಾರ್ಡೇ ಸಿಗದವರೂ ಇದ್ದಾರೆ.